ನಡುಪ್ರಾಯದ ಕುರುಹುಗಳೂ ಲಿಂಗಪೂಜೆಯೂ



ಮುಪ್ಪೆಂಬದು ಯಾರ ಮನೆಗೂ ಒಂದೇ ದಿನ ಬಂದು ಇಳಿಯುವದಿಲ್ಲ. ಬರುವ ಮುನ್ನ ದೂತರನ್ನು ಕಳಿಸುವದು. ಕಿವಿಯ ಬದಿಯಲ್ಲೊಂದು ನರೆಗೂದಲು, ಮಠದ ಮೆಟ್ಟಿಲೇರುವಾಗ ಮೊಳಕಾಲಿನಲ್ಲೊಂದು ಸಣ್ಣ ನೋವು. ಮನುಷ್ಯನು ಇವನ್ನು ಕಂಡೂ ಕಾಣದವನಂತೆ ಇರುವನು. ಕೂದಲಿಗೆ ಬಣ್ಣವುಂಟು, ಕಾಲಿಗೆ ಎಣ್ಣೆಯುಂಟು. ಆದರೆ ಲಿಂಗಧಾರಿಯು ಮರೆಮಾಚಲಾರದ ಕುರುಹೊಂದಿದೆ. ಅದು ಅವನ ಎಡಗೈಯಲ್ಲಿಯೇ ಕಾಣಿಸಿಕೊಳ್ಳುವದು.

ನಲವತ್ತು ದಾಟಿದ ಭಕ್ತನು ಎಂದಿನಂತೆ ಇಷ್ಟಲಿಂಗವನ್ನು ವಾಮಕರಸ್ಥಳದಲ್ಲಿರಿಸಿ ದೃಷ್ಟಿಯನ್ನು ನೆಡುವನು. ಲಿಂಗದ ಕಪ್ಪು ಮೈಯಲ್ಲಿ ಇಷ್ಟು ವರುಷ ಎಳ್ಳುಕಾಳಿನಷ್ಟು ಚೊಕ್ಕಟವಾಗಿ ಹೊಳೆಯುತ್ತಿದ್ದ ದೀಪದ ಬಿಂದುವು ಈಗ ಹರಡಿ ಮಸುಕಾಗಿರುವದು. ಅವನು ದೀಪವನ್ನು ದೂರುವನು, ಬತ್ತಿಯನ್ನು ಏರಿಸುವನು. ಕಡೆಗೆ ಅವನಿಗೆ ಅರಿವಿಲ್ಲದೆಯೇ ಕೈಯು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಯುವದು. ಬಿಂದುವು ಮತ್ತೆ ಒಂದುಗೂಡುವದು.

ಇದನ್ನೇ ಜನರು ಚಾಳೀಸು ಎನ್ನುವರು. ನಲವತ್ತೆಂಬ ಅರ್ಥದ ಹಿಂದುಸ್ತಾನಿ ಶಬ್ದವೇ ಈ ಹೆಸರಿಗೆ ಮೂಲ. ಕಣ್ಣೊಳಗಿನ ಮಸೂರವು ಎಳೆತನದಲ್ಲಿ ಮೆತ್ತಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿಕೊಳ್ಳುವದು. ವರುಷ ಕಳೆದಂತೆ ಅದು ಬಿರುಸಾಗುವದು. ಇಪ್ಪತ್ತರ ಪ್ರಾಯದವನು ಸುಮಾರು 4 ಅಂಗುಲದ ಸಮೀಪದಲ್ಲಿಯೂ ಸ್ಪಷ್ಟವಾಗಿ ಕಾಣಬಲ್ಲನು. 45ರ ಸುಮಾರಿಗೆ 10 ಅಂಗುಲವಾದರೂ ಬೇಕು. 60ರಲ್ಲಿ ತೋಳು ಚಾಚಿದರೂ ಸಾಲದು. ಇದು ಅರಸನಿಗೂ ಒಕ್ಕಲಿಗನಿಗೂ ಸಮನಾಗಿ ಬರುವ ಶರೀರಧರ್ಮ.

ಕೇಡು ಬರುವದು ನಾಚಿಕೆಯಿಂದ. ಕನ್ನಡಕ ಧರಿಸಿ ಪೂಜೆಗೆ ಕೂಡ್ರುವದು ಸಲ್ಲದೆಂದು ಕೆಲವರು ಅಳುಕುವರು. ದೃಷ್ಟಿ ನಿಲ್ಲದಾದಾಗ ಕಣ್ಣು ಮುಚ್ಚುವರು. ಅನಿಮಿಷದೃಷ್ಟಿಯು ಅರೆಗಳಿಗೆಗೆ ಇಳಿಯುವದು. ಆಮೇಲೆ ವಿಭೂತಿ ಧರಿಸಿ, ಪತ್ರೆಯೊಂದನ್ನು ಏರಿಸಿ ಎದ್ದುಬಿಡುವರು. ವಚನದ ಪುಸ್ತಕವು ಗೂಡು ಸೇರುವದು. ಮನೆಯಲ್ಲಿ ಯಾರಿಗೂ ಇದರ ಸುಳಿವು ಹತ್ತದು. ನಲವತ್ತೈದರಲ್ಲಿ ಹೀಗೆ ಸದ್ದಿಲ್ಲದೆ ಕೈಬಿಟ್ಟ ಅನುಷ್ಠಾನವನ್ನು ಎಪ್ಪತ್ತರಲ್ಲಿ, ಕೈ ನಡುಗುವಾಗ, ಮತ್ತೆ ಹಿಡಿಯುವೆನೆಂಬದು ಬರಿಯ ಭ್ರಮೆ. ಬಸವಣ್ಣನವರು ಒಂದು ವಚನದಲ್ಲಿ ಮುಪ್ಪಿನ ಲಕ್ಷಣಗಳನ್ನು ಹೆಸರುಗೊಂಡು ಹೇಳಿ, ಅವು ಮೈಗೂಡುವ ಮೊದಲೇ ಪೂಜಿಸೆಂದು ಎಚ್ಚರಿಸಿದ್ದಾರೆ. ಆ ವಚನವನ್ನು ಮುದುಕರ ಮುಂದೆ ಓದುವದುಂಟು. ವಿಚಾರಿಸಿದರೆ ಅದು ನಡುಪ್ರಾಯದವರ ವಚನವೇ ಸರಿ.

ಡಾಕ್ಟರ್ ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಹೊರಬಂದಿತು, ‘ಶಿವಾನುಭವ’ ಪತ್ರಿಕೆಯು 1926ರಲ್ಲಿ. ಸಣ್ಣ ಅಕ್ಷರಗಳು ಕಣ್ಣಿಗೆ ಮುನಿಯತೊಡಗುವ ಪ್ರಾಯದಲ್ಲಿಯೇ ಆ ಮಹನೀಯರು ತಾಳೆಗರಿಯ ಅಕ್ಷರಗಳೊಡನೆ ಕುಳಿತಿದ್ದರೆಂಬದನ್ನು ನೆನೆಯಬೇಕು. ಇಂದು ಮನೆಮನೆಯಲ್ಲಿ ವಚನಗಳು ಅಚ್ಚಿನ ರೂಪದಲ್ಲಿರುವದು ಬಹುಮಟ್ಟಿಗೆ ಆ ನಡುವಯಸ್ಸಿನ ದುಡಿಮೆಯ ಫಲ.

ಕನ್ನಡಕದಿಂದಲೂ ತಿಳಿಯಾಗದ ಮಸುಕಿನ ಮಾತು ಬೇರೆ. ಅದು ಪೊರೆಯಿರಬಹುದು, ಸಿಹಿಮೂತ್ರರೋಗದ ಬಾಧೆಯೂ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಪದ್ಮಾಸನ ಹಾಕಲಾರದವನು ಮಣೆಯ ಮೇಲೆ ಕೂಡ್ರಲಿ. ತೋಳು ಸೋತವನು ಮೊಣಕೈಗೆ ಆಸರೆ ಕೊಡಲಿ. ಕನ್ನಡಕವನ್ನು ಪೂಜೆಯ ಮಣೆಯ ಮೇಲೆ, ವಿಭೂತಿಯ ಗಟ್ಟಿಯ ಪಕ್ಕದಲ್ಲಿಯೇ ಇಟ್ಟುಕೊಳ್ಳಲಿ.