ಬೋರ್ಡು ಕಾಣದ ಮಗು ದಡ್ಡ ಮಗುವಲ್ಲ

(ವಯನಾಡಿನ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ, ಭಾನುವಾರದ ಪೂಜೆಯ ನಂತರ ಮಾಡಿದ ಭಾಷಣ)



ಕೂಲಿ, ಬೋನಸ್ಸಿನ ಮಾತಿಗೆ ಕರೆದಿದ್ದಾರೆಂದು ತಿಳಿದು ಬಂದವರು ಸ್ವಲ್ಪ ತಾಳ್ಮೆಯಿಂದ ಕೂತಿರಬೇಕು. ಆ ಮಾತನ್ನು ಯೂನಿಯನ್ ಕಾರ್ಯದರ್ಶಿಗಳು ಆಮೇಲೆ ಆಡುತ್ತಾರೆ. ನನಗೆ ಕೊಟ್ಟಿರುವ ಸಮಯದಲ್ಲಿ ನಮ್ಮ ಮಕ್ಕಳ ಕಣ್ಣಿನ ವಿಷಯ ಹೇಳುತ್ತೇನೆ. ನಾನು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ಓದಿದ ಉಪದೇಶಿ. ತಿಳಿದವರನ್ನು ಕೇಳಿ, ಓದಿ ಅರಿತದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ.

ನಮ್ಮ ಲೈನುಗಳ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮಲಯಾಳ ಓದುತ್ತಾರೆ. ನೀಲಗಿರಿಯ ಕಡೆಯಾದರೆ ತಮಿಳು. ಮಗು ಬೋರ್ಡಿನ ಮೇಲಿದ್ದದ್ದನ್ನು ತಪ್ಪುತಪ್ಪಾಗಿ ಬರೆದುಕೊಂಡು ಬಂದರೆ ಮೇಷ್ಟ್ರು ‘ಇವನಿಗೆ ಭಾಷೆ ಬರುವುದಿಲ್ಲ’ ಅನ್ನುತ್ತಾರೆ. ಅಪ್ಪ ‘ತಲೆಗೆ ಹತ್ತುವುದಿಲ್ಲ’ ಅನ್ನುತ್ತಾನೆ. ಕಣ್ಣಿಗೆ ಕಾಣುವುದಿಲ್ಲವೇನೋ ಎಂದು ಯಾರಿಗೂ ಹೊಳೆಯುವುದಿಲ್ಲ. ಮಗುವೂ ಹೇಳುವುದಿಲ್ಲ. ಎಲ್ಲರಿಗೂ ಹೀಗೆಯೇ ಮಸುಕಾಗಿ ಕಾಣುತ್ತದೆಂದು ಅದು ತಿಳಿದಿರುತ್ತದೆ.

ನಮ್ಮ ಧರ್ಮೋಪದೇಶ ತರಗತಿಗೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಬರುತ್ತಿದ್ದಳು. ಬಾಯಿಪಾಠಕ್ಕೆ ಎಲ್ಲರಿಗಿಂತ ಮುಂದು. ಬೋರ್ಡು ನೋಡಿ ಓದೆಂದರೆ ಸುಮ್ಮನೆ ನಿಲ್ಲುವಳು. ಶಾಲೆ ಬಿಡಿಸಿ, ಸಣ್ಣ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸುವ ಮಾತು ನಡೆದಿತ್ತು. ಪರೀಕ್ಷೆ ಮಾಡಿಸಿದಾಗ ಎರಡು ಕಣ್ಣಿಗೂ ಮೈನಸ್ ಮೂರು. ಅಂದರೆ ಹೆಚ್ಚು ಕಡಿಮೆ ಒಂದು ಅಡಿಯಾಚೆ ಇರುವುದೆಲ್ಲ ಅವಳಿಗೆ ಮಂಜು! ಕನ್ನಡಕ ಬಂದ ಮೇಲೆ ಅವಳು ಹೇಳಿದ್ದು ಬೋರ್ಡಿನ ಮಾತಲ್ಲ. ಚಿಗುರು ತೂಗುವ ಕಡೆ ಸಾಲು ನಿಂತ ಹೆಂಗಸರಲ್ಲಿ ಅವ್ವ ಯಾರೆಂದು ದೂರದಿಂದಲೇ ಗೊತ್ತಾಗುತ್ತದೆ ಅಂದಳು. ಅವಳು ಈಗ ಹತ್ತನೇ ಕ್ಲಾಸಿನಲ್ಲಿದ್ದಾಳೆ.

ಇದಕ್ಕೆ ಸಮೀಪದೃಷ್ಟಿ ಎಂದು ಹೆಸರು. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಕಣ್ಣುಗುಡ್ಡೆ ಹಿಂದಕ್ಕೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುವುದೇ ಸಾಮಾನ್ಯವಾಗಿ ಇದರ ಕಾರಣ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಉದ್ದ. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆ, ಮೂರು ನಂಬರು ಏರುತ್ತದೆ. ಬೆಳೆದ ಗುಡ್ಡೆ ಹಿಂದಕ್ಕೆ ಕುಗ್ಗುವುದಿಲ್ಲ. ಆದ್ದರಿಂದ ಕ್ಯಾರೆಟ್, ಸೊಪ್ಪು, ಕಣ್ಣಿನ ವ್ಯಾಯಾಮ ಯಾವುದರಿಂದಲೂ ಬಂದ ನಂಬರು ಇಳಿಯುವುದಿಲ್ಲ. ಸೊಪ್ಪು ತಿನ್ನಿಸಿ, ಒಳ್ಳೆಯದೇ. ಅದು ಇರುಳುಗುರುಡಿಗೆ ಉಪಕಾರಿ, ಇದಕ್ಕಲ್ಲ. ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಬಿಡುವುದನ್ನು ದಯಮಾಡಿ ನಿಲ್ಲಿಸಿ.

ಇದು ಹೆಚ್ಚಾಗಿ ಆರು ವರ್ಷದಿಂದ ಹದಿನಾಲ್ಕರೊಳಗೆ ಶುರುವಾಗಿ, ಮೈ ಬೆಳೆಯುವವರೆಗೆ ಏರುತ್ತಾ ಹೋಗುತ್ತದೆ. ಎಷ್ಟು ಬೇಗ ಶುರುವಾದರೆ ಕೊನೆಗೆ ಅಷ್ಟು ದೊಡ್ಡ ನಂಬರು. ಆರು ದಾಟಿದವರಿಗೆ ಮುಂದೆ ಕಣ್ಣಿನ ಒಳಪರದೆ ಕಿತ್ತುಬರುವ, ಒತ್ತಡ ಏರಿ ನರ ಸಾಯುವ ಭಯ ಉಳಿದವರಿಗಿಂತ ಹೆಚ್ಚು. ಆಗ ಕನ್ನಡಕವೂ ಕೈಬಿಡುತ್ತದೆ. ಹಾಗಾಗಿ ಒಂದೆರಡು ವರ್ಷ ತಡಮಾಡಿಸಿದರೂ, ಏರುವ ವೇಗ ತಗ್ಗಿಸಿದರೂ ಅದು ಮಗುವಿಗೆ ಇಡೀ ಬಾಳಿನ ಲಾಭ.

ಈಗ ಕನ್ನಡಕದ ಮಾತು. ‘ಹಾಕಿದರೆ ಅಭ್ಯಾಸವಾಗಿ ನಂಬರು ಏರುತ್ತದೆ’ ಎಂದು ಪ್ರತಿ ಲೈನಿನಲ್ಲೂ ಒಬ್ಬ ಅಜ್ಜಿ ಹೇಳುತ್ತಾಳೆ. ಏರುವುದು ಗುಡ್ಡೆ ಬೆಳೆಯುವುದರಿಂದ, ಗಾಜಿನಿಂದಲ್ಲ. ಬೇಕಾದ್ದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಒಳ್ಳೆಯದೆಂಬ ನಂಬಿಕೆ ಕೆಲವು ಅಂಗಡಿಗಳಲ್ಲೂ ಇದೆ. ಮಲೇಷ್ಯಾದಲ್ಲಿ 94 ಮಕ್ಕಳನ್ನು ಎರಡು ವರ್ಷ ನೋಡಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಡಿಮೆ ನಂಬರು ಕೊಟ್ಟ ಮಕ್ಕಳಿಗೇ ದೋಷ ಹೆಚ್ಚು ಬೇಗ ಏರಿತು. ಪೂರ್ತಿ ನಂಬರು ಬರೆಸಿಕೊಳ್ಳಿ. ಹೆಣ್ಣುಮಕ್ಕಳ ಕನ್ನಡಕವನ್ನು ‘ಗಂಡು ಸಿಗುವುದಿಲ್ಲ’ ಎಂದು ಟ್ರಂಕಿನಲ್ಲಿ ಇಡುವ ತಾಯಂದಿರಿಗೆ ನಾನು ಒಂದೇ ಕೇಳುತ್ತೇನೆ: ಹತ್ತನೇ ಕ್ಲಾಸು ಫೇಲಾದ ಹುಡುಗಿಗೆ ಯಾವ ಗಂಡು ಹುಡುಕುತ್ತೀರಿ?

ಬರದಂತೆ ತಡೆಯಲು ಏನಿದೆ? ಬಯಲ ಬೆಳಕು. ಚೀನಾದ ಗ್ವಾಂಗ್‌ಝೌ ನಗರದಲ್ಲಿ 2010ರಿಂದ ಮೂರು ವರ್ಷ ಆರು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ಶಾಲೆಯಿದ್ದ ದಿನವೆಲ್ಲ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಇನ್ನಾರು ಶಾಲೆಗಳಲ್ಲಿ ಎಂದಿನಂತೆ ನಡೆಯಿತು. ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ದೋಷ ಬಂತು, ಎರಡನೆಯದರಲ್ಲಿ ಸುಮಾರು 40 ಮಕ್ಕಳಿಗೆ. ತೈವಾನ್ ದೇಶ 2010ರಲ್ಲೇ ಶಾಲಾಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಬಯಲು ಎಂಬ ಯೋಜನೆ ಹಾಕಿತು. ನಮ್ಮ ದೆಹಲಿಯ ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 13 ಮಕ್ಕಳಿಗೆ ಈ ದೋಷವಿತ್ತು. ಹೊರಗೆ ಆಡುವವರಲ್ಲಿ ಕಡಿಮೆ. ಸೂರ್ಯನನ್ನು ದಿಟ್ಟಿಸಬೇಕಾಗಿಲ್ಲ, ಸುಡುಬಿಸಿಲೂ ಬೇಡ. ಮರದ ನೆರಳು ಸಾಕು, ಮೋಡದ ದಿನವೂ ಆಗುತ್ತದೆ. ನಮ್ಮ ಲೈನು ಮನೆಯ ಒಳಗಿನ ಬೆಳಕಿಗಿಂತ ಅದು ಹತ್ತಾರು ಪಟ್ಟು ಹೆಚ್ಚು.

‘ತೋಟದಲ್ಲಿ ಬಯಲಿಗೇನು ಬರ?’ ಎಂದು ಪೇಟೆಯವರು ಕೇಳಬಹುದು. ನಮಗೆ ಗೊತ್ತಿದೆ. ಅಪ್ಪ ಅವ್ವ ಇಬ್ಬರೂ ಮಲೆಯ ಮೇಲೆ. ಶಾಲೆ ಬಿಟ್ಟು ಬಂದ ಮಗು ಹೊರಗೆ ಸುತ್ತಿದರೆ ಚಿರತೆ, ಆನೆಯ ಭಯ. ಬಾಗಿಲು ಹಾಕಿ, ಕೈಗೆ ಮೊಬೈಲು ಕೊಟ್ಟು ಕೂರಿಸುತ್ತೇವೆ. ಪ್ರಾಣ ಉಳಿಯಲಿ ಎಂದು ಮಾಡುವ ಕೆಲಸ ಅದು. ಅದಕ್ಕೆ ತಾಯಿಯನ್ನು ಬೈಯುವವರು ಒಂದು ಸಂಜೆ ನಮ್ಮ ಲೈನಿಗೆ ಬಂದು ನೋಡಲಿ. ಆದ್ದರಿಂದ ಸಂಜೆಯ ಲೆಕ್ಕ ಬಿಡೋಣ. ಹಗಲಲ್ಲಿ ಹುಡುಕೋಣ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಕ್ಕಳನ್ನು ಕ್ಲಾಸಿನೊಳಗೆ ಕೂಡಿಹಾಕದೆ ಅಂಗಳಕ್ಕೆ ಬಿಡಿ ಎಂದು ಶಾಲೆಯ ಪೋಷಕರ ಸಭೆಯಲ್ಲಿ ಕೇಳೋಣ. ಡ್ರಿಲ್ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುವುದನ್ನು ಆಕ್ಷೇಪಿಸೋಣ. ಧರ್ಮೋಪದೇಶ ತರಗತಿಯನ್ನು ನಾನು ಈಗ ಮಳೆಯಿಲ್ಲದ ಭಾನುವಾರ ಹಲಸಿನ ಮರದ ಕೆಳಗೇ ಮಾಡುತ್ತಿದ್ದೇನೆ. ಗದ್ದಲ ಸ್ವಲ್ಪ ಹೆಚ್ಚು, ಇರಲಿ.

ಮೊಬೈಲು ಪೂರಾ ಬಿಡಿಸುವುದು ಆಗದ ಮಾತು. ಮುಖಕ್ಕೆ ಅಂಟಿಸಿಕೊಳ್ಳದೆ ಮೊಳಕೈ ಮಡಿಸಿದಷ್ಟು ದೂರ ಹಿಡಿಯಲಿ, ಅರ್ಧ ಗಂಟೆಗೊಮ್ಮೆ ಎದ್ದು ಗುಡ್ಡ ನೋಡಲಿ. ಪುಸ್ತಕಕ್ಕೂ ಇದೇ ಮಾತು.

ದೋಷ ಬಂದುಬಿಟ್ಟ ಮಕ್ಕಳಿಗೆ ಬಯಲೊಂದೇ ಸಾಲದು. ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರುತ್ತಿದ್ದರೆ ಕಣ್ಣಿನ ಡಾಕ್ಟರನ್ನು ‘ತಡೆಯುವ ಹನಿ ಇದೆಯೇ’ ಎಂದು ಧೈರ್ಯವಾಗಿ ಕೇಳಿ. ಅಟ್ರೋಪಿನ್ ಎಂಬ ಔಷಧವನ್ನು ಬಹಳ ತೆಳುಮಾಡಿ ರಾತ್ರಿಗೊಂದು ಹನಿ ಬಿಡುತ್ತಾರೆ. ಹಾಂಗ್‌ಕಾಂಗಿನ ಡಾಕ್ಟರುಗಳು 2019ರಲ್ಲಿ ಪ್ರಕಟಿಸಿದಂತೆ, ನೂರಕ್ಕೆ 0.05 ಬಲದ ಹನಿ ಮೊದಲ ವರ್ಷದ ಏರಿಕೆಯನ್ನು ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸಿತು, 0.01 ಬಲದ್ದು ಅಷ್ಟು ಮಾಡಲಿಲ್ಲ. ಇದನ್ನು ವರ್ಷಗಟ್ಟಲೆ ಬಿಡಬೇಕು, ನಡುವೆ ತಾವೇ ನಿಲ್ಲಿಸಬಾರದು. ಒಂದು ಎಚ್ಚರಿಕೆ: ಅದೇ ಹೆಸರಿನ ಬಲವಾದ ಹನಿಯೂ ಅಂಗಡಿಯಲ್ಲಿದೆ. ಅದು ಬೇರೆ ಕೆಲಸಕ್ಕೆ. ಮಗು ಕುಡಿದರೆ ವಿಷ. ಚೀಟಿಯಿಲ್ಲದೆ ತರಬೇಡಿ, ಶೀಸೆಯನ್ನು ಮೇಲೆ ಇಡಿ. ಏರಿಕೆ ತಗ್ಗಿಸುವ ವಿಶೇಷ ಗಾಜಿನ ಕನ್ನಡಕಗಳೂ ಬಂದಿವೆ. ನಮ್ಮ ಕೂಲಿಗೆ ಅದು ದುಬಾರಿ. ಮೊದಲು ಸಾಮಾನ್ಯ ಕನ್ನಡಕವಾದರೂ ಮಗುವಿನ ಮೂಗಿನ ಮೇಲಿರಲಿ.

ಕೊನೆಗೆ ಯೂನಿಯನ್ನಿನ ಕಡೆಯಿಂದ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅಂಧತ್ವ ನಿವಾರಣಾ ಕಾರ್ಯಕ್ರಮದಲ್ಲಿ ಶಾಲಾಮಕ್ಕಳಿಗೆ ಉಚಿತ ಕನ್ನಡಕವಿದೆ. ಆದರೆ ತಂಡ ಬಂದ ದಿನ ನಮ್ಮ ಮಗು ಕಾಫಿ ಕೊಯ್ಲಿನ ಕಾಲವೆಂದು ಮನೆ ಕಾಯುತ್ತಿದ್ದರೆ ಹೆಸರು ಬಿಟ್ಟುಹೋಗುತ್ತದೆ. ತಾರೀಕನ್ನು ಮೊದಲೇ ಶಾಲೆಯಲ್ಲಿ ವಿಚಾರಿಸಿ. ಪೇಟೆಯ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ; ಇದೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಡಿಸ್ಪೆನ್ಸರಿಯಲ್ಲಿ ಒಂದು ಅಕ್ಷರದ ಚಾರ್ಟು ತೂಗುಹಾಕಿ ಎಂದು ಒಂದು ತೋಟದ ಆಡಳಿತವನ್ನು ಕೇಳಿದ್ದಕ್ಕೆ ‘ಮಕ್ಕಳ ಕಣ್ಣು ನಮ್ಮ ಲೆಕ್ಕವಲ್ಲ’ ಎಂದರು. 1951ರ ತೋಟ ಕಾರ್ಮಿಕರ ಕಾಯಿದೆಯೇ ವೈದ್ಯಕೀಯ ಸೌಲಭ್ಯದಲ್ಲಿ ಕಾರ್ಮಿಕರ ಕುಟುಂಬವನ್ನೂ ಸೇರಿಸಿತ್ತು. ಈ ಬಾರಿ ಬೇಡಿಕೆ ಪಟ್ಟಿಯಲ್ಲಿ ಚಾರ್ಟನ್ನೂ, ಪರೀಕ್ಷೆಗೆ ಹೋಗುವ ತಾಯಿಗೆ ಕೂಲಿ ಸಹಿತ ಒಂದು ದಿನವನ್ನೂ ಬರೆಸಬೇಕೆಂದು ನನ್ನ ಸಲಹೆ.

ಅಲ್ಲಿಯವರೆಗೆ ಕಾಯುವುದು ಬೇಡ. ಬರುವ ಭಾನುವಾರ ಪೂಜೆಯಾದ ಮೇಲೆ ಶಾಲೆಯ ಜಗಲಿಯಲ್ಲಿ ಇಪ್ಪತ್ತು ಅಡಿ ಅಳೆದು ಚಾರ್ಟು ಹಾಕುತ್ತೇವೆ. ಒಂದೊಂದು ಕಣ್ಣು ಮುಚ್ಚಿ ನೋಡಬೇಕು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೋಷ ಗೊತ್ತಾಗುವುದಿಲ್ಲ. ಅಕ್ಷರ ಬಾರದ ಚಿಕ್ಕ ಮಕ್ಕಳನ್ನೂ ಕರೆತನ್ನಿ, ಅವರಿಗೆ ಗುರುತು ತೋರಿಸುವ ಚಾರ್ಟು ಇದೆ. ಯಾವ ಜಾತಿ, ಯಾವ ಧರ್ಮದ ಲೈನಿನವರಾದರೂ ಸರಿ. ಹಳೆಯ ಕನ್ನಡಕ ಟ್ರಂಕಿನಲ್ಲಿದ್ದರೆ ಅದನ್ನೂ ತನ್ನಿ.