ರಾಜಾನ ಮನೆಯಲ್ಲಿ ಮಕ್ಕಳ ಮಾತು

ಊರಿನಿಂದ ಪುಣೆಗೆ ನೆಂಟರು ಬಂದರೆ ನಾವು ತೋರಿಸುವ ಜಾಗಗಳ ಪಟ್ಟಿ ನಿಮಗೂ ಗೊತ್ತು. ಶನಿವಾರವಾಡಾ, ದಗಡೂಶೇಟ್ ಗಣಪತಿ, ಹೊತ್ತು ಉಳಿದರೆ ಬಾಜೀರಾವ್ ರಸ್ತೆಯ ಕಡೆಗಿರುವ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯ. ‘ರಾಜಾ’ ಎಂಬ ಹೆಸರು ನೋಡಿ ಇದು ಯಾವುದೋ ಮಹಾರಾಜರ ಖಜಾನೆ ಇರಬೇಕು ಅಂದುಕೊಳ್ಳುವವರೇ ಹೆಚ್ಚು. ಆದರೆ ಈ ರಾಜಾ ಒಬ್ಬ ಪುಟ್ಟ ಹುಡುಗ. ದಿನಕರ್ ಕೇಳ್ಕರ್ (1896–1990) ಅವರ ಮಗ. ಎಳೆಯ ವಯಸ್ಸಿನಲ್ಲೇ ತೀರಿಕೊಂಡ.

ಕೇಳ್ಕರ್ ಅವರದು ಕನ್ನಡಕದ ವ್ಯಾಪಾರ, ಕವಿತೆ ಬರೆಯುವ ಹವ್ಯಾಸ. ಪತ್ನಿ ಕಮಲಾಬಾಯಿಯವರ ಜೊತೆಗೂಡಿ ಹಳ್ಳಿ ಹಳ್ಳಿ ತಿರುಗಿ ದೀಪ, ಅಡಕತ್ತರಿ, ಬಾಗಿಲು, ವಾದ್ಯ, ಆಟಿಕೆ ಎಲ್ಲ ಕೂಡಿಹಾಕಿದರು. ಮುಂದೆ ಅದನ್ನು ಮಗನ ನೆನಪಿನಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಸಂಗ್ರಹದಲ್ಲಿ ಇರುವುದು 20,000ಕ್ಕೂ ಹೆಚ್ಚು ವಸ್ತುಗಳು. ಒಂದು ಸಲಕ್ಕೆ ಪ್ರದರ್ಶನದಲ್ಲಿ ಕಾಣುವುದು ಸುಮಾರು 2,500.

ಮಗುವಿನ ಹೆಸರು ಹೊತ್ತ ಈ ಮನೆಯಲ್ಲಿ ವಸ್ತುಗಳನ್ನು ಆರಿಸಿದವರು ದೊಡ್ಡವರು, ಚೀಟಿ ಬರೆದವರೂ ದೊಡ್ಡವರು. ಆಟಿಕೆಯನ್ನು ಮಾಡಿದವರು ಕೂಡ ದೊಡ್ಡವರೇ. ಹಾಗಾದರೆ ಅದನ್ನು ಆಡಿದ ಮಗುವಿನ ಮಾತು ಎಲ್ಲಿ? ಜಗತ್ತಿನ ಬಹುತೇಕ ವಸ್ತುಸಂಗ್ರಹಾಲಯಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

ಉತ್ತರ ಸಿಕ್ಕಿರುವ ಒಂದು ಜಾಗ ಪ್ರಾಗ್ ನಗರದ ಯಹೂದಿ ಮ್ಯೂಸಿಯಂ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್‌ನಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಚಿತ್ರದ ಮೇಲೆ ನಿಮ್ಮ ಹೆಸರು ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. 1944ರಲ್ಲಿ ಅವರನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಆ ಮಕ್ಕಳಲ್ಲೂ ಬಹಳ ಮಂದಿ ಬದುಕಲಿಲ್ಲ. ಆದರೆ ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಹೂವು, ಮನೆ, ಮಂಚ, ಊಟದ ಸಾಲು. ಯಾವ ಸರ್ಕಾರಿ ಕಾಗದದಲ್ಲೂ ಸಿಗದ ಮಾತು ಅವುಗಳಲ್ಲಿದೆ, ಕೆಳಗೆ ಹೆಸರಿನ ಸಮೇತ.

ನಮ್ಮ ಮಕ್ಕಳಿಗೆ ದೇವರ ದಯೆಯಿಂದ ಅಂಥ ಕಷ್ಟವಿಲ್ಲ. ಆದರೆ ಪುಣೆಯ ಕನ್ನಡ ಮಗು ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಅಜ್ಜಿಯ ಹತ್ತಿರ ಕನ್ನಡ ಆಡುತ್ತದೆ. ಈ ಮೂರೂ ಬೆರೆತ ಅದರ ಮಾತನ್ನು ಯಾರಾದರೂ ಬರೆದಿಟ್ಟಿದ್ದೇವೆಯೇ? ಅಜ್ಜಿ ಇರುವಷ್ಟು ದಿನ ಮಾತ್ರ ಉಳಿಯುವ ಮಾತುಗಳೂ ಅದರಲ್ಲಿವೆ, ಅಲ್ಲವೇ?

ಹಾಗಾಗಿ ಒಂದು ಸಲಹೆ. ಈ ರಜೆಯಲ್ಲಿ ಮಕ್ಕಳನ್ನು ಕೇಳ್ಕರ್ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಎಲ್ಲ ಕೋಣೆ ಓಡಿ ಮುಗಿಸಬೇಡಿ. ಮಗುವೇ ಒಂದು ವಸ್ತು ಆರಿಸಲಿ. ಕೂತು ಚಿತ್ರ ಬಿಡಿಸಬಹುದೇ ಎಂದು ಅಲ್ಲಿನವರನ್ನು ಕೇಳಿ. ಆಗದಿದ್ದರೆ ಮನೆಗೆ ಬಂದು ನೆನಪಿನಿಂದಲೇ ಬಿಡಿಸಲಿ. ಅಡಕತ್ತರಿ ಪಕ್ಷಿಯ ಹಾಗೆ ಕಂಡರೆ ಪಕ್ಷಿಯೇ ಆಗಲಿ, ತಿದ್ದಬೇಡಿ. ಪಕ್ಕದ ಮನೆಯವರು ಅದನ್ನೇ ‘ಅಡಕಿತ್ತಾ’ ಅನ್ನುತ್ತಾರೆ ಎಂದು ಹೇಳಿ, ಎರಡೂ ಹೆಸರು ಬರೆಸಿ. ಇದು ಯಾರದಾಗಿತ್ತು, ಇದರ ಸದ್ದು ಹೇಗಿತ್ತು ಎಂದು ಕೇಳಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಕೆಳಗೆ ಹೆಸರು, ವಯಸ್ಸು, ತಾರೀಖು ಇರಲಿ.

ಇದು ನಮಗೆ ಹೊಸದೇನೂ ಅಲ್ಲ. ಮೈಸೂರು ಕಡೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ ಇಡುವುದು ಅಮ್ಮನ ಕೆಲಸ. ಕೆಳಗಿನ ಪಾರ್ಕು, ರಾಗಿ ಪೈರು, ಕನ್ನಡಿಯ ಕೆರೆ ಮಕ್ಕಳದು. ಅಲ್ಲಿ ಹುಲಿಯ ಪಕ್ಕ ಬಸ್ಸು ನಿಂತರೂ ಯಾರೂ ಬೈಯುವುದಿಲ್ಲ.

ಆ ಕೆಳಗಿನ ಮೆಟ್ಟಿಲಿನಂಥ ಜಾಗ ವಸ್ತುಸಂಗ್ರಹಾಲಯಗಳಲ್ಲೂ ಇರಬೇಕು: ಇತಿಹಾಸಕಾರರ ಚೀಟಿಯ ಪಕ್ಕದಲ್ಲಿ ಮಗುವಿನ ಚೀಟಿಯೂ ಒಂದು. ಅದಾಗುವವರೆಗೆ ಮನೆಯ ಟ್ರಂಕಿನಲ್ಲೇ ಜೋಪಾನವಾಗಿಡಿ. ನಿಮ್ಮ ಮಕ್ಕಳು ಹೇಳಿದ ಒಂದೆರಡು ಸಾಲು ನನಗೂ ಬರೆದು ಕಳಿಸಿ.