ಒಂದನೆಯ ಇಯತ್ತೆಯ ಒಂದು ದಿನ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಸಂಭ್ರಮದಲ್ಲಿ ನಾವು ಹಿರಿಯರ ತ್ಯಾಗವನ್ನು ಸ್ಮರಿಸುವುದೂ ಕಟ್ಟಿದ ಕಟ್ಟಡಗಳಿಗಾಗಿ ದೇವರನ್ನು ವಂದಿಸುವುದೂ ಯೋಗ್ಯವೇ ಸರಿ. ಆದರೆ ವಿದ್ಯಾದಾನವೆಂಬ ಸೇವೆಯು ಯಾವ ಸಮಾರಂಭವೂ ಇಲ್ಲದೆ, ದಿನದಿನವೂ, ಒಂದನೆಯ ಇಯತ್ತೆಯ ಕೋಣೆಯಲ್ಲಿ ನಡೆಯುತ್ತಿರುತ್ತದೆ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಪಾಲಕರು ಅರಿಯಬೇಕೆಂಬ ಆಶಯದಿಂದ ಈ ನಾಲ್ಕು ಮಾತುಗಳನ್ನು ಆಡುತ್ತಿದ್ದೇವೆ.

ಬೆಳಗಾವಿಯು ಶಾಲೆಗಳ ಊರು. ಯೇಸುಸಭೆಯ ಗುರುಗಳು ಇಲ್ಲಿ 1856ರಲ್ಲಿಯೇ ಸಂತ ಪೌಲರ ಶಾಲೆಯನ್ನು ತೆರೆದರು. ಆ ಕಾಲದಲ್ಲಿ ಈ ಸೀಮೆಯು ಮುಂಬೈ ಪ್ರಾಂತಕ್ಕೆ ಸೇರಿತ್ತು. ಸರಕಾರಿ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದುದರಿಂದ ಕನ್ನಡ ಮನೆಯ ಮಕ್ಕಳು ಅನೇಕ ಕಡೆಗಳಲ್ಲಿ ತಮ್ಮದಲ್ಲದ ನುಡಿಯಲ್ಲಿ ಅಕ್ಷರಾಭ್ಯಾಸ ಮಾಡಬೇಕಾಗಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಗಳಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834-1881) ಈ ಮಕ್ಕಳಿಗಾಗಿ ಕನ್ನಡ ಶಾಲೆಗಳನ್ನು ಬೆಳೆಸಲು ಶ್ರಮಿಸಿದರು. ಅವರಿಗಿಂತ ಸುಮಾರು ಇನ್ನೂರು ವರ್ಷಗಳ ಮೊದಲು ಫ್ರಾನ್ಸ್ ದೇಶದಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರು ಬಡವರ ಮಕ್ಕಳಿಗೆ ಲ್ಯಾಟಿನ್ ಭಾಷೆಗೆ ಬದಲಾಗಿ ಮನೆಮಾತಾದ ಫ್ರೆಂಚ್‌ನಲ್ಲಿ ಓದು ಕಲಿಸಲಾರಂಭಿಸಿದ್ದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಆ ಸಂತರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಘೋಷಿಸಿದರು. ಮಗುವು ನಿಂತಿರುವಲ್ಲಿಗೆ ಗುರುವೇ ಹೋಗಬೇಕೆಂಬ ತತ್ವವು ಇಬ್ಬರಿಗೂ ಸಮಾನವಾಗಿತ್ತು.

ಇಂದು ಅದೇ ತತ್ವವನ್ನು ನಮ್ಮ ತರಗತಿಗಳಲ್ಲಿ ಪಾಲಿಸುವ ಹೊಣೆ ನಮ್ಮದು. ಖಾನಾಪುರದ ಒಂದು ಮಗು ಮನೆಯಲ್ಲಿ ಕೊಂಕಣಿಯನ್ನಾಡುತ್ತದೆ, ಬೀದಿಯಲ್ಲಿ ಮರಾಠಿಯನ್ನು ಕೇಳುತ್ತದೆ, ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತದೆ. ಬಾಯಾರಿದಾಗ ಅದು ‘ಉದಕ’ ಎನ್ನುತ್ತದೆ. ನೆರೆಮನೆಯ ಮಗು ‘ಪಾಣಿ’ ಎನ್ನುತ್ತದೆ. ಪುಸ್ತಕವು ‘ನೀರು’ ಎನ್ನುತ್ತದೆ. ಮೂರು ಹೆಸರುಗಳನ್ನು ಬಲ್ಲ ಆ ಮಗುವು ಮೊದಲ ತಿಂಗಳು ಮೌನವಾಗಿ ಕುಳಿತರೆ ನಾವು ಅದನ್ನು ದಡ್ಡನೆಂದು ಕರೆದುಬಿಡುತ್ತೇವೆ! ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ‘ಉದಕ’ ಎಂದ ಮಗುವಿಗೆ ನೀರು ಕೊಟ್ಟು, ಕೊಡುವಾಗಲೇ ‘ನೀರು’ ಎಂದು ಹೇಳಿಕೊಡುವ ಅಕ್ಕೋರು ಒಂದು ದೊಡ್ಡ ಪಾಠವನ್ನೇ ಮುಗಿಸಿರುತ್ತಾರೆ.

ನಾವು ನೀವು ಪಾಟಿಯ ಮೇಲೆ ಅ, ಆ, ಇ, ಈ ಎಂದು ತಿದ್ದಿದವರು. ಈಗಿನ ಮಕ್ಕಳು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತಾರೆ. ಇದು ಕ್ರಮ ತಪ್ಪಿದ ಕಲಿಕೆಯೆಂದು ಕೆಲವು ಹಿರಿಯರು ಶಂಕಿಸುವುದುಂಟು. ಆದರೆ ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗುವು ಕೂಡಲೇ ಓದಬಲ್ಲದು. ವರ್ಣಮಾಲೆ ಮುಗಿಯುವವರೆಗೆ ಅರ್ಥಕ್ಕಾಗಿ ಕಾಯಬೇಕಾಗಿಲ್ಲ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ಇಯತ್ತೆಗಳಿಗೆ ವಿಸ್ತರಿಸಲಾಯಿತು. ಆ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂಡದೆ ಗುಂಪುಗಳಲ್ಲಿ ವರ್ತುಲವಾಗಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕರೇ ಕಲಿಸುತ್ತಾರೆ. ಒಂದು ಗುಂಪಿಗೆ ಅಷ್ಟಿಷ್ಟು ನೆರವಾಗುತ್ತಾರೆ. ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಇನ್ನೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ಪ್ರತಿಯೊಂದು ಮಗುವೂ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ತಕ್ಕ ಕಾರ್ಡನ್ನು ಆಯ್ದುಕೊಳ್ಳುತ್ತದೆ. ಹೊರಗೆ ನಿಂತು ನೋಡಿದವರಿಗೆ ಅದು ಬರೀ ಗದ್ದಲವೆನಿಸಬಹುದು. ಒಳಗೆ ಹೋಗಿ ಒಂದು ಮಗುವಿನ ಪಕ್ಕದಲ್ಲಿ ಕುಳಿತರೆ ಅಲ್ಲಿಯ ಕ್ರಮವು ಕಾಣಿಸುತ್ತದೆ.

ಮಳೆಗಾಲದಲ್ಲಿ ನಮ್ಮ ಕಾಡಂಚಿನ ಹಳ್ಳಿಗಳ ಹಾದಿಗಳು ಕೆಡುತ್ತವೆ. ನಾಟಿಯ ದಿನಗಳಲ್ಲಿ ಕೂಸನ್ನು ನೋಡಿಕೊಳ್ಳಲೆಂದು ದೊಡ್ಡ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದೂ ಉಂಟು. ಏಣಿಯ ಪದ್ಧತಿಯಲ್ಲಿ ಮರಳಿ ಬಂದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮೆಟ್ಟಿಲೇನೋ ಕಾಯುತ್ತದೆ; ವಯಸ್ಸು ಕಾಯುವುದಿಲ್ಲ. ಆದುದರಿಂದ ಪಾಲಕರೇ, ದುಡಿಮೆಯ ಭಾರವನ್ನು ನಾವು ಬಲ್ಲೆವಾದರೂ ಕೇಳಿಕೊಳ್ಳುತ್ತೇವೆ: ಆ ಹೆಣ್ಣುಮಗಳ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಬೇಡಿರಿ. ಕೂಸನ್ನು ನೋಡಿಕೊಳ್ಳಲು ನೆರೆಹೊರೆಯವರು ಸರದಿಯಿಂದ ಮುಂದೆ ಬರಲಿ. ಇದೂ ಭ್ರಾತೃಪ್ರೇಮದ ಕಾರ್ಯವೇ.

ಮಧ್ಯಾಹ್ನದ ಊಟವೂ ಒಂದು ಪಾಠವೇ. ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಮಕ್ಕಳು, ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ನಮಗೆ ಬಲಿಪೂಜೆಯ ಅರ್ಥವನ್ನು ನೆನಪಿಸುತ್ತಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಸಾರಿದೆ. ನೆರೆಮನೆಯ ಮಗು ಇಂಗ್ಲಿಷ್ ಪದ್ಯ ಒಪ್ಪಿಸಿತೆಂದು ನಿಮ್ಮ ಮಗುವನ್ನು ಹೀಯಾಳಿಸಬೇಡಿರಿ. ಸಂಜೆಯ ಜಪಮಾಲೆ ಮುಗಿದ ಬಳಿಕ, “ಇವತ್ತು ಏನು ಕಲಿತಿ, ಮಗಾ?” ಎಂದು ನಿಮ್ಮ ಮನೆಯ ನುಡಿಯಲ್ಲಿಯೇ ಕೇಳಿರಿ. ಓದುಬರಹ ಬಾರದ ತಾಯಿಯೂ ಇಷ್ಟನ್ನು ಮಾಡಬಲ್ಲಳು. ಮಗು ಹೇಳುತ್ತದೆ; ಹೇಳುತ್ತ ಹೇಳುತ್ತ ಮತ್ತೊಮ್ಮೆ ಕಲಿಯುತ್ತದೆ.

ಶಿಷ್ಯರು ತಡೆದರೂ ಯೇಸುಸ್ವಾಮಿಯು ಮಕ್ಕಳನ್ನು ಹತ್ತಿರಕ್ಕೆ ಕರೆದು ಹರಸಿದರು. ಮಕ್ಕಳ ದಾರಿಗೆ ಅಡ್ಡವಾಗುವ ಬಡತನ, ಅವಸರ, ಹೀಯಾಳಿಕೆಗಳನ್ನು ಸರಿಸುವುದೇ ಈ ಶತಮಾನೋತ್ಸವದ ಸಂಕಲ್ಪವಾಗಲಿ. ಕರುಣಾಮಯನಾದ ದೇವರು ನಮ್ಮ ಮಕ್ಕಳನ್ನೂ ಅವರಿಗೆ ಕಲಿಸುವ ಕೈಗಳನ್ನೂ ಆಶೀರ್ವದಿಸಲಿ.